ಎರಡು ವರ್ಷದ ಮಗು 'ಬೇಡ' ಅಂದಾಗ ನಾವ್ಯಾಕೆ ಇಷ್ಟು ಗಾಬರಿ ಬೀಳ್ತೀವಿ?

ಎರಡು ವರ್ಷದ ಮಗುವೊಂದು ಬಸ್ಸಿನಲ್ಲಿ ರಚ್ಚೆ ಹಿಡಿದರೆ ಸಾಕು, ಇಡೀ ಬಸ್ಸು ತೀರ್ಪು ಕೊಡೋಕೆ ಶುರು ಮಾಡುತ್ತೆ. ಮಗುವಿಗೆ ಬೇಕಾಗಿದ್ದು ಕಂಡಕ್ಟರ್ ಕೈಲಿರೋ ಟಿಕೆಟ್ ಮೆಷಿನ್ನು. ಅದು ಸಿಗಲಿಲ್ಲ, ಹಾಗಾಗಿ ಬೆನ್ನು ಹಿಂದಕ್ಕೆ ಬಾಗಿಸಿ, ಕಾಲು ಝಾಡಿಸಿ, ಕಿರುಚಾಟ. "ಎರಡು ಬಿಟ್ರೆ ಸರಿಹೋಗುತ್ತೆ" ಅಂತ ಒಬ್ಬರು. "ಮೊಬೈಲ್ ಕೊಟ್ಬಿಡಮ್ಮ" ಅಂತ ಇನ್ನೊಬ್ಬರು. "ಈಗಿನ ತಾಯಂದಿರಿಗೆ ಮಕ್ಕಳನ್ನ ಬೆಳೆಸೋಕೇ ಬರಲ್ಲ" ಅನ್ನೋದು ಹಿಂದಿನ ಸೀಟಿನಿಂದ ಬರೋ ಅಂತಿಮ ತೀರ್ಪು. ಪಕ್ಕದಲ್ಲೇ ಕೂತ ಅಪ್ಪನ ಬಗ್ಗೆ ಮಾತ್ರ ಯಾರೂ ಏನೂ ಹೇಳಲ್ಲ ಅನ್ನೋದನ್ನ ಗಮನಿಸಿ.

ಮಗುವಿನ ಮೊದಲ ಮಾತು ಬಂದಾಗ ಮನೆಮಂದಿಯೆಲ್ಲ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ. ಅದಾದ ಕೆಲವೇ ತಿಂಗಳಿಗೆ ಅದೇ ಮಗು ಸಿಟ್ಟು ತೋರಿಸಿದರೆ 'ಯಾರ ಬುದ್ಧಿ ಬಂತೋ' ಅಂತ ಹುಡುಕಾಟ ಶುರುವಾಗುತ್ತೆ. ಆದರೆ ಮಾತು, ಸಿಟ್ಟು ಎರಡೂ ಒಂದೇ ಬೆಳವಣಿಗೆಯ ಭಾಗ. ಇದನ್ನ ಅರ್ಥ ಮಾಡಿಕೊಂಡರೆ, ಯಾರನ್ನ ಬಯ್ಯಬೇಕು, ಸರ್ಕಾರದಿಂದ ಏನು ಕೇಳಬೇಕು ಅನ್ನೋದೂ ಬದಲಾಗುತ್ತೆ.

ಮಾತಿಗಿಂತ ಮುಂಚೆ

ಮೊದಲ ಪದ ಅಂತ ನಾವು ಸಂಭ್ರಮಿಸೋದು ಸುಮಾರು ಒಂದು ವರ್ಷದ ಹೊತ್ತಿಗೆ. ಅಷ್ಟರಲ್ಲಿ ಮಗು ಭಾಷೆಯ ಕೆಲಸ ಎಷ್ಟೋ ಮುಗಿಸಿರುತ್ತೆ. 2009ರಲ್ಲಿ ಜರ್ಮನಿಯ ಸಂಶೋಧಕರು ಹುಟ್ಟಿ ವಾರವೂ ಆಗದ ಫ್ರೆಂಚ್ ಮತ್ತು ಜರ್ಮನ್ ಶಿಶುಗಳ ಅಳುವನ್ನ ರೆಕಾರ್ಡ್ ಮಾಡಿ ಹೋಲಿಸಿದರು. ಫ್ರೆಂಚ್ ಶಿಶುಗಳ ಅಳು ಸಾಮಾನ್ಯವಾಗಿ ಏರುಸ್ವರದ್ದು, ಜರ್ಮನ್ ಶಿಶುಗಳದ್ದು ಇಳಿಸ್ವರದ್ದು. ಹೊಟ್ಟೆಯೊಳಗಿದ್ದಾಗಲೇ ಕೇಳಿಸಿಕೊಂಡ ಅಮ್ಮನ ಭಾಷೆಯ ಧಾಟಿ ಅದು. 2012ರಲ್ಲಿ ಅಮೆರಿಕದಲ್ಲಿ ನಡೆದ ಇನ್ನೊಂದು ಅಧ್ಯಯನದಲ್ಲಿ ಆರರಿಂದ ಒಂಬತ್ತು ತಿಂಗಳ ಕೂಸುಗಳೇ ತಿಂಡಿ ಮತ್ತು ದೇಹದ ಭಾಗಗಳ ಹೆಸರು ಕೇಳಿದಾಗ ಸರಿಯಾದ ಚಿತ್ರದ ಕಡೆ ಹೆಚ್ಚು ಹೊತ್ತು ನೋಡಿದವು. ಅಂದರೆ ಬಾಯಲ್ಲಿ ಬರೋದಕ್ಕೆ ಎಷ್ಟೋ ತಿಂಗಳು ಮುಂಚೆ ತಲೆಯಲ್ಲಿ ಪದ ಇರುತ್ತೆ.

ಆಮೇಲೆ 'ಅಮ್ಮ', 'ಅಪ್ಪ'. ಜಗತ್ತಿನ ಅಷ್ಟೊಂದು ಭಾಷೆಗಳಲ್ಲಿ ಯಾಕೆ ಮ, ಪ, ಬ ಅಕ್ಷರಗಳೇ ಅಪ್ಪ-ಅಮ್ಮಂದಿರಿಗೆ ಅಂಟಿಕೊಂಡಿವೆ ಅಂತ ಭಾಷಾವಿಜ್ಞಾನಿ ರೋಮನ್ ಯಾಕೊಬ್ಸನ್ 1960ರ ಸುಮಾರಿಗೆ ವಿವರಿಸಿದ್ದರು. ತುಟಿ ಕೂಡಿಸಿ ಬಿಟ್ಟರೆ ಬರೋ ಸುಲಭದ ಸದ್ದುಗಳು ಅವು. ಮೊಲೆ ಚೀಪುವಾಗ ಬಾಯಿ ಮುಚ್ಚಿರುತ್ತೆ, ಮೂಗಿನಿಂದ ಮಾತ್ರ 'ಮ್ಮ್' ಅನ್ನೋ ಸದ್ದು ಹೊರಡೋಕೆ ಸಾಧ್ಯ. ಆ ಸದ್ದೇ ನಿಧಾನಕ್ಕೆ ಹಾಲಿಗೂ ಹಾಲು ಕೊಡುವವಳಿಗೂ ಹೆಸರಾಗುತ್ತೆ. ಯಾವ ಸದ್ದು ಯಾರಿಗೆ ಅನ್ನೋದನ್ನ ತೀರ್ಮಾನ ಮಾಡೋರು ಮಾತ್ರ ದೊಡ್ಡವರು. ಜಾರ್ಜಿಯನ್ ಭಾಷೆಯಲ್ಲಿ 'ಮಾಮಾ' ಅಂದರೆ ಅಪ್ಪ, 'ದೇದಾ' ಅಂದರೆ ಅಮ್ಮ! ನಮ್ಮಲ್ಲೂ ಅಮ್ಮ, ಅವ್ವ, ಅಬ್ಬೆ ಅಂತ ಊರಿಗೊಂದು, ಮನೆಗೊಂದು.

ಕೂಸುಗಳಿಗಾಗಿಯೇ ಕನ್ನಡದಲ್ಲಿ ಒಂದು ಪುಟ್ಟ ನಿಘಂಟಿದೆ. ಊಟಕ್ಕೆ ಮಮ್ಮು, ಬೂವ. ಮಲಗೋದಕ್ಕೆ ತಾಚಿ, ಪಾಚಿ, ಜೋ. ಹೊರಗೆ ಹೊರಡೋದಕ್ಕೆ ಟಾಟಾ, ದನಕ್ಕೆ ಅಂಬಾ, ಕೊಳಕಾದ್ದಕ್ಕೆಲ್ಲ ಛೀಛೀ, ಹೆದರಿಸೋಕೆ ಗುಮ್ಮ. ಜೋಡಿ ಸದ್ದುಗಳು, ಎತ್ತರಿಸಿದ ದನಿ, ಎಳೆದ ಸ್ವರ. ಚಾರ್ಲ್ಸ್ ಫರ್ಗುಸನ್ 1964ರಲ್ಲಿ ನಮ್ಮ ನೆರೆಯ ಮರಾಠಿಯೂ ಸೇರಿದ ಹಾಗೆ ಆರು ಭಾಷೆಗಳ ಕೂಸುಮಾತನ್ನ ಹೋಲಿಸಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲೂ ಇದೇ ಲಕ್ಷಣಗಳು ಕಾಣ್ತವೆ ಅಂದಿದ್ದರು. 'ಮಗುವಿನ ಜೊತೆ ಮಗು ಥರ ಮಾತಾಡಬೇಡಿ, ಭಾಷೆ ಕೆಡುತ್ತೆ' ಅನ್ನೋ ವಿದ್ಯಾವಂತರ ಉಪದೇಶ ಕೇಳಿ ಅಜ್ಜಿಯಂದಿರು ಸುಮ್ಮನಾಗಬೇಕಿಲ್ಲ.

ಇಲ್ಲ, ಬೇಡ, ಅಲ್ಲ

ಇಂಗ್ಲಿಷ್ ಕಲಿಯೋ ಮಗು 'ನೋ' ಅಂದರೆ ಅದಕ್ಕೆ ಮೂರು ಅರ್ಥ ಇರಬಹುದು ಅಂತ 1970ರಲ್ಲಿ ಲೋಯಿಸ್ ಬ್ಲೂಮ್ ತೋರಿಸಿಕೊಟ್ಟರು. ಬಿಸ್ಕತ್ತು ಖಾಲಿ ಆಗಿದೆ, ಬಿಸ್ಕತ್ತು ನನಗೆ ಬೇಕಾಗಿಲ್ಲ, ನೀನು ತೋರಿಸ್ತಿರೋದು ಬಿಸ್ಕತ್ತೇ ಅಲ್ಲ. ಒಂದೇ ಪದ, ಹಾಗಾಗಿ ಸಂದರ್ಭ ನೋಡಿ ಊಹಿಸಬೇಕು. ಕನ್ನಡದ ಮಗುವಿಗೆ ಇದು ಸಲೀಸು ಅಂತಲೂ ಹೇಳಬಹುದು, ಕಷ್ಟ ಅಂತಲೂ ಹೇಳಬಹುದು. ಯಾಕಂದ್ರೆ ನಮ್ಮಲ್ಲಿ ಮೂರಕ್ಕೂ ಬೇರೆಬೇರೆ ಪದಗಳಿವೆ: ಇಲ್ಲ, ಬೇಡ, ಅಲ್ಲ. ತಮಿಳು ಮಕ್ಕಳು ನಿರಾಕರಣೆಯನ್ನ ಹೇಗೆ ಕಲಿಯುತ್ತವೆ ಅಂತ ಆರ್. ವೈದ್ಯನಾಥನ್ 1991ರಲ್ಲಿ ಬರೆದಿದ್ದಾರೆ. ದ್ರಾವಿಡ ಭಾಷೆಗಳಲ್ಲಿ ಈ ವಿಷಯ ಎಷ್ಟು ಕುತೂಹಲದ್ದು ಅಂತ ಅದನ್ನ ನೋಡಿದರೆ ಗೊತ್ತಾಗುತ್ತೆ.

ಈ ಮೂರರಲ್ಲಿ 'ಇಲ್ಲ' ಜಗತ್ತಿನ ಬಗ್ಗೆ. ಹಾಲು ಇಲ್ಲ, ಅಪ್ಪ ಇಲ್ಲ, ಕಾಕಾ ಹಾರಿಹೋಯ್ತು. 'ಅಲ್ಲ' ಅನ್ನೋದಕ್ಕೆ ಇನ್ನೊಬ್ಬರು ಹೇಳಿದ್ದನ್ನ ತಲೆಯಲ್ಲಿ ಇಟ್ಟುಕೊಂಡು ತಿದ್ದಬೇಕು, ಹಾಗಾಗಿ ಅದು ಹೆಚ್ಚು ಬುದ್ಧಿ ಬೇಡೋ ಕೆಲಸ. 'ಬೇಡ' ಮಾತ್ರ ಪೂರ್ತಿ ತನ್ನ ಬಗ್ಗೆ. ನಿನ್ನ ಇಚ್ಛೆ ಒಂದು, ನನ್ನ ಇಚ್ಛೆ ಇನ್ನೊಂದು ಅಂತ ಘೋಷಿಸೋ ಪದ. ಉತ್ತರ ಕರ್ನಾಟಕದ 'ಒಲ್ಲೆ' ಇನ್ನೂ ಚೆಂದ. ಅದರಲ್ಲಿ 'ನಾನು' ಅನ್ನೋದು ಕ್ರಿಯಾಪದದ ಒಳಗೇ ಕೂತಿದೆ. ಒಲ್ಲೆ, ಒಲ್ಲಳು, ಒಲ್ಲರು ಅಂತ ಆಳಿಗೆ ತಕ್ಕ ಹಾಗೆ ಅದು ಬದಲಾಗುತ್ತೆ.

ಈ 'ನಾನು' ಹುಟ್ಟೋ ವಯಸ್ಸು ಯಾವುದು? ಮಗುವಿಗೆ ಗೊತ್ತಾಗದ ಹಾಗೆ ಮೂಗಿಗೆ ಬಣ್ಣ ಹಚ್ಚಿ ಕನ್ನಡಿ ಮುಂದೆ ನಿಲ್ಲಿಸೋ ಒಂದು ಹಳೆಯ ಪರೀಕ್ಷೆ ಇದೆ. ಚಿಕ್ಕ ಕೂಸುಗಳು ಕನ್ನಡಿಯನ್ನ ಮುಟ್ಟುತ್ತವೆ. ಒಂದೂವರೆಯಿಂದ ಎರಡು ವರ್ಷದ ನಡುವೆ ಬಹಳಷ್ಟು ಮಕ್ಕಳು ಕನ್ನಡಿ ಬಿಟ್ಟು ತಮ್ಮದೇ ಮೂಗು ಮುಟ್ಟಿಕೊಳ್ಳೋಕೆ ಶುರು ಮಾಡ್ತವೆ. ಅದೇ ಹೊತ್ತಿಗೆ ರಚ್ಚೆಯೂ ಜೋರಾಗುತ್ತೆ. ಇದು ಕಾಕತಾಳೀಯ ಅಲ್ಲ ಅಂತ ನನ್ನ ಅನಿಸಿಕೆ. 'ನಾನು' ಅಂತ ಒಬ್ಬರು ಇದ್ದರೆ ತಾನೇ ಅವರಿಗೆ ಅಡ್ಡಿ ಮಾಡೋಕಾಗೋದು?

ರಚ್ಚೆಯ ಒಳಗೆ ಏನು ನಡೆಯುತ್ತೆ

1931ರಲ್ಲಿ ಫ್ಲಾರೆನ್ಸ್ ಗುಡ್‌ಇನಫ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞೆ ತಾಯಂದಿರ ಕೈಲಿ ಡೈರಿ ಬರೆಸಿ, 45 ಮಕ್ಕಳ 1,878 ಸಿಟ್ಟಿನ ಪ್ರಸಂಗಗಳನ್ನ ಕೂಡಿಹಾಕಿದರು. ಸಿಟ್ಟು ತುತ್ತತುದಿ ಮುಟ್ಟೋದು ಬದುಕಿನ ಎರಡನೇ ವರ್ಷದಲ್ಲಿ ಅನ್ನೋದು ಅವರು ಕಂಡುಕೊಂಡ ವಿಷಯ. 'ಮೊಬೈಲ್ ಬಂದು ಮಕ್ಕಳು ಹಾಳಾದವು' ಅನ್ನೋರಿಗೆ ಈ ಇಸವಿಯನ್ನ ಒಮ್ಮೆ ನೆನಪಿಸಬೇಕು.

2003ರಲ್ಲಿ ಮೈಕೆಲ್ ಪೊಟೆಗಲ್ ಮತ್ತು ರಿಚರ್ಡ್ ಡೇವಿಡ್‌ಸನ್ 335 ಮಕ್ಕಳ ರಂಪಾಟದ ವಿವರಗಳನ್ನ ತಂದೆತಾಯಿಗಳಿಂದ ಬರೆಸಿಕೊಂಡು ಬಿಡಿಸಿ ನೋಡಿದರು. ಮುಕ್ಕಾಲು ಭಾಗ ರಂಪಗಳು ಐದು ನಿಮಿಷದೊಳಗೇ ಮುಗಿದಿದ್ದವು. ಬಹಳ ಸಲ ಅರ್ಧದಿಂದ ಒಂದು ನಿಮಿಷ, ಅಷ್ಟೇ. ನೋಡುವವರಿಗೆ ಮಾತ್ರ ಅರ್ಧ ಗಂಟೆ ಆದ ಹಾಗಿರುತ್ತೆ. ರಂಪದಲ್ಲಿ ಎರಡು ಭಾವ ಬೆರೆತಿರ್ತವೆ: ಸಿಟ್ಟು ಮತ್ತು ಸಂಕಟ. ಕಿರುಚೋದು, ಒದೆಯೋದು, ಎಸೆಯೋದು ಸಿಟ್ಟಿನದು. ಅದು ಶುರುವಿನಲ್ಲೇ ಏರಿ ಇಳಿಯುತ್ತೆ. ಬಿಕ್ಕೋದು, ಮುಲುಗೋದು, ಮಡಿಲು ಹುಡುಕೋದು ಸಂಕಟದ್ದು. ಅದು ಕೊನೆತನಕ ಉಳಿಯುತ್ತೆ. ಒದ್ದ ಮಗುವೇ ಐದು ನಿಮಿಷ ಬಿಟ್ಟು ಎತ್ತಿಕೋ ಅಂತ ಕೈ ಚಾಚೋದು 'ನಾಟಕ' ಅಲ್ಲ. ಸಿಟ್ಟು ಇಳಿದ ಮೇಲೆ ಉಳಿದಿರೋ ದುಃಖ ಅದು.

ಇದು ಕೇಳೋಕೆ ಸರಳ, ಆದರೆ ಆಚರಣೆಯಲ್ಲಿ ಬಹಳ ಕೆಲಸಕ್ಕೆ ಬರುತ್ತೆ. ಸಿಟ್ಟು ತುದಿಯಲ್ಲಿರುವಾಗ 'ಯಾಕೆ ಹೀಗೆ ಮಾಡ್ತೀಯ, ಏನು ಬೇಕು ಹೇಳು' ಅಂತ ಪ್ರಶ್ನೆ ಮೇಲೆ ಪ್ರಶ್ನೆ ಹಾಕಿದರೆ ಉರಿಯೋ ಬೆಂಕಿಗೆ ಸೌದೆ ಹಾಕಿದ ಹಾಗೆ. ಮಗು ಏಟು ಮಾಡಿಕೊಳ್ಳದ ಹಾಗೆ ನೋಡಿಕೊಂಡು, ಹತ್ತಿರದಲ್ಲೇ ಸುಮ್ಮನೆ ಕೂತು, ಸಂಕಟದ ಹಂತ ಬಂದಾಗ ಎತ್ತಿಕೊಳ್ಳೋದು ಸಾಕಾಗುತ್ತೆ. ಎತ್ತಿಕೊಂಡರೆ ಮುದ್ದು ಹೆಚ್ಚಾಗುತ್ತೆ ಅನ್ನೋ ಭಯ ಬೇಡ. ಕೇಳಿದ್ದನ್ನೆಲ್ಲ ಕೊಡೋದು ಬೇರೆ, ಅತ್ತಾಗ ಮಡಿಲು ಕೊಡೋದು ಬೇರೆ. ಟಿಕೆಟ್ ಮೆಷಿನ್ನು ಕೊಡಬೇಕಿಲ್ಲ.

ಮಾತಿಗೂ ಸಿಟ್ಟಿಗೂ ನೇರ ಸಂಬಂಧ ಇದೆ ಅಂತ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡವೊಂದು 2019ರಲ್ಲಿ ತೋರಿಸಿತು. ಒಂದರಿಂದ ಮೂರು ವರ್ಷದ ಆಸುಪಾಸಿನ ಮಕ್ಕಳಿರೋ ಎರಡು ಸಾವಿರಕ್ಕೂ ಹೆಚ್ಚು ಪೋಷಕರನ್ನ ಮಾತಾಡಿಸಿದ ಅಧ್ಯಯನ ಅದು. ಮಾತು ತಡವಾದ ಮಕ್ಕಳಲ್ಲಿ ತೀವ್ರವಾದ, ಪದೇಪದೇ ಬರೋ ರಚ್ಚೆಯ ಸಾಧ್ಯತೆ ಉಳಿದವರಿಗಿಂತ ಸುಮಾರು ಎರಡರಷ್ಟು. ತಲೆಯಲ್ಲಿ ನೂರು ವಿಷಯ, ಬಾಯಲ್ಲಿ ಹತ್ತು ಪದ ಇರೋ ಸ್ಥಿತಿಯನ್ನ ಊಹಿಸಿಕೊಳ್ಳಿ. ಭಾಷೆ ಬಾರದ ಊರಲ್ಲಿ ಪೊಲೀಸ್ ಸ್ಟೇಷನ್ನಿಗೆ ಹೋದವರಿಗೆ ಈ ಸಂಕಟ ಬೇಗ ಅರ್ಥ ಆಗಬಹುದು.

ಇನ್ನೊಂದು ಸಂಶೋಧನೆ ನಮ್ಮ ಸಾಮಾನ್ಯ ನಂಬಿಕೆಯನ್ನೇ ತಿರುಗಿಸಿ ಹಾಕುತ್ತೆ. ಕೆನಡಾದ ರಿಚರ್ಡ್ ಟ್ರೆಂಬ್ಲೆ ಮಕ್ಕಳನ್ನ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ, ಮನುಷ್ಯರು ಅತಿ ಹೆಚ್ಚು ಬಾರಿ ಇನ್ನೊಬ್ಬರಿಗೆ ಹೊಡೆಯೋ, ಕಚ್ಚೋ, ತಳ್ಳೋ ವಯಸ್ಸು ಹದಿಹರೆಯ ಅಲ್ಲ, ಎರಡರಿಂದ ನಾಲ್ಕು ವರ್ಷದ ನಡುವೆ ಅಂತ ಗೊತ್ತಾಯಿತು. ಆಮೇಲೆ ಅದು ಇಳಿಯುತ್ತಾ ಹೋಗುತ್ತೆ. ಅಂದರೆ ಮಕ್ಕಳಿಗೆ ಹೊಡೆಯೋದನ್ನ ಯಾರೂ ಕಲಿಸಬೇಕಿಲ್ಲ. ಕಲಿಸಬೇಕಾದ್ದು ಹೊಡೆಯದೇ ಇರೋದನ್ನ. ಆ ಪಾಠವನ್ನ ಹೊಡೆದು ಹೇಳಿಕೊಡೋಕೆ ಹೊರಟರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಗುಮ್ಮ, ಗಾದೆ, ಕಾನೂನು

'ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ' ಅನ್ನೋ ಗಾದೆಯನ್ನ ನಾವು ಬಹುತೇಕ ಉಪಯೋಗಿಸೋದು ಏಟಿಗೆ ಸಮರ್ಥನೆಯಾಗಿ. ಬಗ್ಗಿಸೋದೇ ಗುರಿ ಅಂತ ನಾವು ಮೊದಲೇ ಒಪ್ಪಿಕೊಂಡುಬಿಟ್ಟಿದ್ದೀವಿ. ಪುರಂದರದಾಸರ ಗುಮ್ಮನ ಕೀರ್ತನೆಯನ್ನ ನಾವು ಕೃಷ್ಣನ ಬಾಲಲೀಲೆ ಅಂತ ಮುದ್ದಿನಿಂದ ಕೇಳ್ತೀವಿ. ಹೆದರಿದ ಮಗು ಇನ್ನು ಮೇಲೆ ತಂಟೆ ಮಾಡಲ್ಲ ಅಂತ ಒಂದೊಂದೇ ಮಾತು ಕೊಡ್ತಾ ಹೋಗೋ ಹಾಡು ಅದು. ಮಗುವಿನ ಕಡೆಯಿಂದ ಕೇಳಿದರೆ ಬೇರೆಯೇ ಕೇಳಿಸುತ್ತೆ.

ಇನ್ನೊಂದು ಗಾದೆ ಇದೆ: ಗಂಡು ಚಟದಿಂದ ಕೆಟ್ಟ, ಹೆಣ್ಣು ಹಠದಿಂದ ಕೆಟ್ಟಳು. ಕುಡಿತ, ಜೂಜು ಎಷ್ಟು ಕೆಟ್ಟದ್ದೋ ಹೆಣ್ಣೊಬ್ಬಳು 'ಒಲ್ಲೆ' ಅನ್ನೋದೂ ಅಷ್ಟೇ ಕೆಟ್ಟದ್ದು ಅಂತ! ಈ ಲೆಕ್ಕ ಎರಡು ವರ್ಷಕ್ಕೇ ಶುರುವಾಗುತ್ತೆ. ಹುಡುಗ ಚಪ್ಪಲಿ ಎಸೆದರೆ 'ಗಂಡುಹುಡುಗ, ಜೋರಿದ್ದಾನೆ'. ಹುಡುಗಿ ಎಸೆದರೆ 'ನಾಳೆ ಇನ್ನೊಬ್ಬರ ಮನೆಗೆ ಹೋಗೋಳು'. ಇನ್ನೂ ಡೈಪರ್ ಬಿಡದ ಮಗುವಿನ ಬಗ್ಗೆ ಆಡೋ ಮಾತು ಇದು. ಮುಂದೆ ಅದೇ ಹುಡುಗಿ ದೊಡ್ಡವಳಾಗಿ ಬೇಡ ಅಂದಾಗ, ಅದನ್ನ ಕೇಳಿಸಿಕೊಳ್ಳದ ಗಂಡಸರ ಬಗ್ಗೆ ನಾವು ಲೇಖನ ಬರೀತೀವಿ, ಮೆರವಣಿಗೆ ಮಾಡ್ತೀವಿ.

ಕಾನೂನಿನಲ್ಲೂ ಒಂದು ದೊಡ್ಡ ಕಂಡಿ ಇದೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಆದರೆ ಆ ಕಾಯ್ದೆ ಇರೋದು 6ರಿಂದ 14 ವರ್ಷದವರಿಗೆ. ಮನೆಯೊಳಗೆ 12 ವರ್ಷದೊಳಗಿನ ಮಗುವಿಗೆ ಪೋಷಕರು 'ಒಳ್ಳೆಯ ಉದ್ದೇಶದಿಂದ' ಮಾಡಿದ್ದಕ್ಕೆ ರಕ್ಷಣೆ ಕೊಡೋ ಹಳೆಯ ಐಪಿಸಿಯ 89ನೇ ಸೆಕ್ಷನ್, ಭಾರತೀಯ ನ್ಯಾಯ ಸಂಹಿತೆಯಲ್ಲಿ 27ನೇ ಸೆಕ್ಷನ್ ಆಗಿ ಹಾಗೇ ಮುಂದುವರಿದಿದೆ. ವಸಾಹತುಶಾಹಿ ಕಾನೂನು ಕಿತ್ತುಹಾಕಿದೆವು ಅಂತ ಬೀಗಿದವರು ಇದನ್ನ ಮುಟ್ಟಲಿಲ್ಲ. ಸ್ವೀಡನ್ 1979ರಲ್ಲೇ ಮನೆಯ ಏಟನ್ನೂ ನಿಷೇಧಿಸಿತು. ದಕ್ಷಿಣ ಏಷ್ಯಾದಲ್ಲಿ ಮೊದಲು ಆ ಕೆಲಸ ಮಾಡಿದ್ದು ನೇಪಾಳ, 2018ರಲ್ಲಿ. ಪೋಷಕರನ್ನ ಜೈಲಿಗೆ ತಳ್ಳಿದರೆ ಸಮಸ್ಯೆ ಬಗೆಹರಿಯುತ್ತೆ ಅಂತ ನಾನೂ ನಂಬಲ್ಲ, ಅದರಲ್ಲೂ ನಮ್ಮ ಪೊಲೀಸರು ಯಾರ ಮನೆ ಬಾಗಿಲು ಮೊದಲು ತಟ್ಟುತ್ತಾರೆ ಅಂತ ಗೊತ್ತಿರುವಾಗ. ಆದರೆ ಕಾನೂನು ಏಟಿಗೆ ನೆಪ ಒದಗಿಸೋದನ್ನಾದರೂ ನಿಲ್ಲಿಸಬಹುದು.

ಬಡ ತಾಯಿಯ ತಪ್ಪೇ?

1995ರಲ್ಲಿ ಹಾರ್ಟ್ ಮತ್ತು ರಿಸ್ಲೆ ಅನ್ನೋ ಇಬ್ಬರು ಅಮೆರಿಕದ ಕಾನ್ಸಾಸ್‌ನ 42 ಕುಟುಂಬಗಳನ್ನ ಅಧ್ಯಯನ ಮಾಡಿ, ಬಡವರ ಮಕ್ಕಳು ನಾಲ್ಕು ವರ್ಷ ಆಗೋಷ್ಟರಲ್ಲಿ ಅನುಕೂಲಸ್ಥರ ಮಕ್ಕಳಿಗಿಂತ 3 ಕೋಟಿ ಪದ ಕಡಿಮೆ ಕೇಳಿರ್ತವೆ ಅಂತ ಅಂದಾಜು ಮಾಡಿದರು. ಈ ಸಂಖ್ಯೆ ಜಗತ್ತೆಲ್ಲ ಸುತ್ತಿತು. ಬಡ ತಾಯಂದಿರಿಗೆ ಮಾತಾಡೋಕೆ ಕಲಿಸೋ ಯೋಜನೆಗಳೇ ಹುಟ್ಟಿದವು. 42 ಕುಟುಂಬದಿಂದ ಇಡೀ ವರ್ಗದ ಬಗ್ಗೆ ತೀರ್ಮಾನ! 2019ರಲ್ಲಿ ಸ್ಪೆರಿ ಮತ್ತು ಸಂಗಡಿಗರು ಬೇರೆ ಸಮುದಾಯಗಳಲ್ಲಿ ನೋಡಿದಾಗ ಅಷ್ಟು ಅಂತರ ಸಿಗಲಿಲ್ಲ. ಅಜ್ಜಿ, ಅಕ್ಕ, ನೆರೆಮನೆಯವರು ಸುತ್ತ ಆಡೋ ಮಾತನ್ನೂ ಲೆಕ್ಕಕ್ಕೆ ತಗೊಂಡರೆ ಚಿತ್ರ ಇನ್ನಷ್ಟು ಬದಲಾಯಿತು. ಪಪುವಾ ನ್ಯೂಗಿನಿಯ ಕಲುಲಿ ಜನ ಕೂಸುಗಳ ಜೊತೆ ನೇರವಾಗಿ ಹರಟೋದು ಕಡಿಮೆ, ಆದರೂ ಅವರ ಮಕ್ಕಳು ಸರಿಯಾದ ಹೊತ್ತಿಗೆ ಮಾತು ಕಲೀತವೆ ಅಂತ ಬಾಂಬಿ ಶೀಫಲಿನ್ ಅದಕ್ಕೂ ಮೊದಲೇ ದಾಖಲಿಸಿದ್ದರು.

ಹಾಗಂತ ಜೊತೆಗೆ ಒಬ್ಬರೂ ಇಲ್ಲದಿದ್ದರೂ ನಡೆಯುತ್ತೆ ಅಂತ ಅರ್ಥ ಅಲ್ಲ. ಮಗುವಿಗೆ ಸಿಟ್ಟು ಬಂದಾಗ ಐದು ನಿಮಿಷ ಹತ್ತಿರ ಕೂರೋಕೆ, ಅದು 'ಕಾಲು' ಅಂದಾಗ ಕೇಳ್ತಿರೋದು ಕಾರು ಅಂತ ಅರ್ಥ ಮಾಡಿಕೊಳ್ಳೋಕೆ, ಬಿಡುವಿರೋ ಮನುಷ್ಯರು ಬೇಕು. ಆ ಬಿಡುವು ಯಾರಿಗಿದೆ? 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ. ಅದೂ ಸಂಘಟಿತ ವಲಯದವರಿಗೆ. ಮೊದಲ ಪದ ಬರೋದು 52ನೇ ವಾರದ ಆಸುಪಾಸು, ರಚ್ಚೆ ಜೋರಾಗೋದು ಆಮೇಲೆ. ಅಪ್ಪನಿಗೆ ರಜೆ ಕೊಡಲೇಬೇಕು ಅಂತ ಆ ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ಕಲ್ಯಾಣ ಕರ್ನಾಟಕದಿಂದ ಬೆಂಗಳೂರಿಗೆ ಬಂದು ಕಟ್ಟಡದ ಕೆಲಸ ಮಾಡೋ ತಾಯಿ, ಮರಳ ರಾಶಿ ಪಕ್ಕ ಮಗುವನ್ನ ಆರು ವರ್ಷದ ಅಕ್ಕನ ಕೈಗೆ ಒಪ್ಪಿಸಿ ಇಟ್ಟಿಗೆ ಹೊರಬೇಕು. ಅಲ್ಲಿ ಇಬ್ಬರು ಮಕ್ಕಳ ಬಾಲ್ಯ ಒಟ್ಟಿಗೇ ಹೋಗುತ್ತೆ.

ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಗಿದ್ದು 1975ರ ಅಕ್ಟೋಬರ್ 2ರಂದು. ಕರ್ನಾಟಕದಲ್ಲಿ ಮೊದಲು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ. ಐವತ್ತು ವರ್ಷದ ನಂತರವೂ ಅಂಗನವಾಡಿಯಲ್ಲಿ ಕೂತು ಹಾಡು, ಕತೆ ಕೇಳೋ ಅವಕಾಶ ಮುಖ್ಯವಾಗಿ ಮೂರರಿಂದ ಆರು ವರ್ಷದವರಿಗೆ. ಮೂರು ವರ್ಷದೊಳಗಿನ ಮಗುವಿಗೆ ಸಿಗೋದು ಹೆಚ್ಚಾಗಿ ಮನೆಗೆ ಒಯ್ಯೋ ಆಹಾರದ ಪೊಟ್ಟಣ, ಲಸಿಕೆ, ತೂಕ. ಅಂದರೆ ಮಾತು ಮತ್ತು ಸಿಟ್ಟು ಎರಡೂ ಹುಟ್ಟೋ ವಯಸ್ಸಿನಲ್ಲಿ ಸರ್ಕಾರ ಪೊಟ್ಟಣ ಕಳಿಸುತ್ತೆ, ಮನುಷ್ಯರನ್ನ ಕಳಿಸಲ್ಲ. 2024ರಲ್ಲಿ ಕೇಂದ್ರ ಸರ್ಕಾರ 'ನವಚೇತನ' ಅಂತ ಹುಟ್ಟಿನಿಂದ ಮೂರು ವರ್ಷದವರೆಗಿನ ಒಂದು ಚೌಕಟ್ಟು ಹೊರಡಿಸಿತು, ನಿಜ. ಅದನ್ನ ಜಾರಿ ಮಾಡಬೇಕಾದ ಅಂಗನವಾಡಿ ಕಾರ್ಯಕರ್ತೆಗೆ ಸಿಗೋದು ಇವತ್ತಿಗೂ ಸಂಬಳ ಅಲ್ಲ, 'ಗೌರವಧನ'. ಅದನ್ನ ಹೆಚ್ಚಿಸಿ ಅಂತ ಅವರು ಫ್ರೀಡಂ ಪಾರ್ಕಿನಲ್ಲಿ ಕೂತರೆ, ನಮ್ಮಲ್ಲಿ ಎಷ್ಟೋ ಜನರಿಗೆ ಅದು ಟ್ರಾಫಿಕ್ ಸುದ್ದಿ.

ರಾಜ್ಯ ಸರ್ಕಾರ 2023-24ರ ಬಜೆಟ್ಟಿನಲ್ಲಿ ಘೋಷಿಸಿದ 'ಕೂಸಿನ ಮನೆ' ಇಲ್ಲಿ ಮುಖ್ಯ ಆಗುತ್ತೆ. 4,000 ಗ್ರಾಮ ಪಂಚಾಯಿತಿಗಳಲ್ಲಿ, ಮುಖ್ಯವಾಗಿ ನರೇಗಾ ಕೂಲಿಗೆ ಹೋಗೋ ತಾಯಂದಿರ ಮಕ್ಕಳಿಗೆ ಶಿಶುಪಾಲನಾ ಕೇಂದ್ರ ಅನ್ನೋದು ಗುರಿ. ಹೆಸರೂ ಚೆನ್ನಾಗಿದೆ, ಉದ್ದೇಶವೂ ಸರಿ. ಕೇಳಬೇಕಾದ ಪ್ರಶ್ನೆ ಬೋರ್ಡು ಎಷ್ಟು ಕಡೆ ಬಿತ್ತು ಅನ್ನೋದಲ್ಲ. ಒಂದೂವರೆ ವರ್ಷದ ಮಗು ರಚ್ಚೆ ಹಿಡಿದಾಗ ಅದರ ಮೊದಲ ಹತ್ತು ಪದಗಳ ಅರ್ಥ ಗೊತ್ತಿರೋ ಆರೈಕೆದಾರರು ಅಲ್ಲಿ ಇದ್ದಾರಾ, ನಾಳೆಯೂ ಅವರೇ ಇರ್ತಾರಾ, ಅವರಿಗೆ ಬದುಕೋಷ್ಟು ಸಂಬಳ ಇದೆಯಾ? ನಿಮ್ಮೂರಿನ ಗ್ರಾಮಸಭೆಯಲ್ಲಿ ಈ ಪ್ರಶ್ನೆ ಕೇಳಬಹುದು. ನಗರದ ಕಟ್ಟಡ ಕಾರ್ಮಿಕರ ಮಕ್ಕಳಿಗೂ ಇದು ಯಾಕಿಲ್ಲ ಅಂತಲೂ ಕೇಳಬಹುದು.

ಮೊಬೈಲು ಮತ್ತು ಮನೆಮಾತು

ಕೈಗೆ ಫೋನ್ ಕೊಟ್ಟರೆ ಅಳು ನಿಲ್ಲುತ್ತೆ, ಅನುಮಾನವೇ ಇಲ್ಲ. ಆದರೆ ಅದರಿಂದ ಮಾತು ಬರುತ್ತಾ? ಪೆಟ್ರೀಷಿಯಾ ಕೂಲ್ ತಂಡ 2003ರಲ್ಲಿ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ 12 ಸಲ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿತು. ಎದುರಿಗೆ ಮನುಷ್ಯರು ಕೂತು ಆಟ ಆಡಿಸಿದ ಮಕ್ಕಳು ಆ ಭಾಷೆಯ ಸದ್ದುಗಳನ್ನ ಗುರುತಿಸೋದು ಕಲಿತವು. ಅದೇ ಜನರ ಅದೇ ಮಾತನ್ನ ಟಿವಿಯಲ್ಲಿ ನೋಡಿದ ಮಕ್ಕಳು ಏನೂ ಕಲಿಯಲಿಲ್ಲ. ಎರಡು ವರ್ಷದೊಳಗೆ ಸ್ಕ್ರೀನ್ ಬೇಡ, ಆಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಆದರೆ ಒಬ್ಬಳೇ ಅಡುಗೆ ಮಾಡ್ತಾ, ಒಬ್ಬಳೇ ಮಗು ನೋಡ್ತಾ ಇರೋಳ ಮುಂದೆ ಈ ಮಾರ್ಗಸೂಚಿ ಓದೋ ಮುಂಚೆ, ಗಂಡ ಎದ್ದು ಹೋಗಿ ಕುಕ್ಕರ್ ಇಳಿಸೋದು ಒಳ್ಳೇದು.

ಮಾತೃಭಾಷೆ ಮಾಧ್ಯಮದ ಬಗ್ಗೆ ನಾವು ದಶಕಗಳಿಂದ ಜಗಳ ಆಡ್ತಿದ್ದೀವಿ, 2014ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿದ್ದೂ ಆಯ್ತು. ಆ ಜಗಳವೆಲ್ಲ ಒಂದನೇ ಕ್ಲಾಸಿನದ್ದು. ಅಷ್ಟರೊಳಗೆ ಮಗು ಭಾಷೆಯ ಮೂಲ ವ್ಯಾಕರಣವನ್ನೆಲ್ಲ ಮನೆಯಲ್ಲೇ ಕಲಿತು ಬಂದಿರುತ್ತೆ. ಮನೆಯಲ್ಲಿ ಲಂಬಾಣಿ, ಬೀದಿಯಲ್ಲಿ ಕನ್ನಡ; ಅಮ್ಮನ ಜೊತೆ ಉರ್ದು, ಅಜ್ಜಿಯ ಜೊತೆ ತೆಲುಗು, ಹೀಗೆ ಬೆಳೆಯೋ ಮಕ್ಕಳು ಕರ್ನಾಟಕದ ತುಂಬ ಇದ್ದಾರೆ. ಎರಡು ಭಾಷೆ ಕೇಳಿದರೆ ಮಗುವಿಗೆ ಗೊಂದಲ ಆಗಿ ಮಾತು ತಡ ಆಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಒಂದೊಂದು ಭಾಷೆಯಲ್ಲಿ ಪದ ಕಡಿಮೆ ಅನಿಸಬಹುದು. ಎರಡನ್ನೂ ಕೂಡಿಸಿ ಎಣಿಸಬೇಕು. ಮಾತು ಬರ್ತಿಲ್ಲ ಅಂತ ಮನೆಮಾತು ನಿಲ್ಲಿಸಿ ಅರೆಬರೆ ಇಂಗ್ಲಿಷ್ ಶುರು ಮಾಡೋರು ಮಗುವಿಗೆ ಇದ್ದ ಒಂದು ದಾರಿಯನ್ನೂ ಮುಚ್ಚಿಬಿಡ್ತಾರೆ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು? ವರ್ಷವಾದರೂ ಹೆಸರು ಕರೆದಾಗ ತಿರುಗಿ ನೋಡದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಒಂದೂವರೆ ವರ್ಷಕ್ಕೂ ಒಂದು ಪದ ಇಲ್ಲದಿದ್ದರೆ, ಎರಡು ವರ್ಷಕ್ಕೆ 'ಅಮ್ಮ ಬಾ' ಅನ್ನೋ ಹಾಗೆ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ನಿಂತುಹೋದರೆ 'ಅವರಪ್ಪನೂ ತಡವಾಗೇ ಮಾತಾಡಿದ್ದು' ಅಂತ ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ರಚ್ಚೆಯಲ್ಲಿ ಮಗು ಪದೇಪದೇ ತನಗೇ ಏಟು ಮಾಡಿಕೊಳ್ತಿದ್ದರೆ, ದಿನಾ ಬಹಳ ಹೊತ್ತು ಸಮಾಧಾನವೇ ಆಗದಿದ್ದರೆ ಅದನ್ನೂ ಹೇಳಿ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ. ಅಲ್ಲಿಗೆ ಹೋಗೋಕಾಗದಿದ್ದರೆ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಿಂದ ಶುರು ಮಾಡಬಹುದು. ಹೋಗುವಾಗ ಮಗು ಆಡೋ ಪದಗಳನ್ನ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಯಾವ ಭಾಷೆಯದ್ದಾದರೂ ಸರಿ. 'ಬೂವ', 'ಟಾಟಾ' ಎಲ್ಲವೂ ಲೆಕ್ಕಕ್ಕೆ ಬರ್ತವೆ.